ಸೆಟೆತ ಇಳಿಸುವ ಔಷಧ, ಹೃದಯ ತೆರುವ ಬೆಲೆ

ಬೆನ್ನುಹುರಿಗೆ ಪೆಟ್ಟಾದವರ ಕೈಕಾಲಿನ ಸೆಟೆತ ತಗ್ಗಿಸಲು ಕೊಡುವ ಮಾತ್ರೆಗಳು ಕೈಕಾಲಿನಲ್ಲಷ್ಟೇ ಕೆಲಸ ಮಾಡಿ ಸುಮ್ಮನಾಗುವುದಿಲ್ಲ. ಬ್ಯಾಕ್ಲೋಫೆನ್, ಟಿಜಾನಿಡಿನ್, ಡಯಾಜೆಪಾಮ್ ಮೊದಲಾದವು ಸ್ನಾಯುವನ್ನು ಸಡಿಲಿಸುವುದು ನರಗಳ ಮೂಲಕ. ಹಾಗಾಗಿ ರಕ್ತನಾಳಗಳ ಬಿಗಿತಕ್ಕೂ ಹೃದಯದ ಬಡಿತಕ್ಕೂ ಅವು ಕೈ ಹಾಕುತ್ತವೆ. ಸೊಂಟ ಹಿಡಿದಿದೆ ಎಂದು ಗಟ್ಟಿಮುಟ್ಟಾದ ಒಬ್ಬರು ಇಂಥದ್ದೊಂದು ಮಾತ್ರೆ ನುಂಗಿದರೆ ಸ್ವಲ್ಪ ತೂಕಡಿಕೆ ಬಂದೀತು, ಬಾಯಿ ಒಣಗೀತು. ಕುತ್ತಿಗೆಯ ಮಟ್ಟದಲ್ಲಿ ಹುರಿ ಜಜ್ಜಿಹೋದವರಿಗೆ ಅದೇ ಮಾತ್ರೆಯಿಂದ ಪ್ರಜ್ಞೆ ತಪ್ಪುವಷ್ಟು ಬಿ.ಪಿ. ಇಳಿಯಬಹುದು. ಆಪರೇಷನ್ ಥಿಯೇಟರಿನಲ್ಲಿ ಬಳಸುವ ಇನ್ನೊಂದು ಬಗೆಯ ಸ್ನಾಯು ಸಡಿಲಕವಂತೂ ಇಂಥವರ ಹೃದಯವನ್ನು ನಿಮಿಷಗಳಲ್ಲಿ ನಿಲ್ಲಿಸಿದ್ದುಂಟು. ಈ ಅಪಾಯಗಳಲ್ಲಿ ಬಹುಪಾಲು ಮುಂಚೆಯೇ ತಿಳಿದಿರುವಂಥವು, ತಡೆಯಬಹುದಾದಂಥವು. ಆದರೆ ಅದಕ್ಕೆ ಬೇಕಾದ ತಿಳಿವಳಿಕೆ ದೊಡ್ಡಾಸ್ಪತ್ರೆಯ ವಾರ್ಡಿನಲ್ಲೇ ಉಳಿದುಬಿಡುತ್ತದೆ. ರೋಗಿ ಮಾತ್ರ ಮನೆಗೆ ಬರುತ್ತಾನೆ.

ಮುಂಬಯಿ ಹೊರವಲಯದ ಠಾಕುರ್ಲಿ, ಡೊಂಬಿವಲಿ, ಕಲ್ಯಾಣದ ಪಟ್ಟಿಯಲ್ಲಿ ಈ ಮಾತಿಗೆ ಹೆಚ್ಚಿನ ತೂಕವಿದೆ. ಮುಂಬಯಿ ಉಪನಗರ ರೈಲು ಮಾರ್ಗಗಳಲ್ಲಿ ವರ್ಷಕ್ಕೆ ಎರಡು ಸಾವಿರಕ್ಕೂ ಹೆಚ್ಚು ಜನ ಸಾಯುತ್ತಾರೆ. ಹಳಿ ದಾಟುವಾಗ ಸತ್ತವರು ಅವರಲ್ಲಿ ಹೆಚ್ಚು, ಓಡುವ ಲೋಕಲ್ಲಿನಿಂದ ಬಿದ್ದವರೂ ಕಡಿಮೆಯಿಲ್ಲ. 2025ರ ಜೂನ್ 9ರ ಬೆಳಿಗ್ಗೆ ದಿವಾ ಮತ್ತು ಮುಂಬ್ರಾ ನಡುವಿನ ತಿರುವಿನಲ್ಲಿ ಎದುರುಬದುರಾದ ಎರಡು ಲೋಕಲ್‌ಗಳ ಬಾಗಿಲಲ್ಲಿ ನೇತಾಡುತ್ತಿದ್ದವರು ಹಳಿಯ ಮೇಲೆ ಬಿದ್ದದ್ದು ದೇಶವೆಲ್ಲ ಸುದ್ದಿಯಾಯಿತು. ಸತ್ತವರ ಲೆಕ್ಕ ಮರುದಿನದ ಪತ್ರಿಕೆಯಲ್ಲಿ ಬರುತ್ತದೆ. ಇಂಥ ಬೀಳುವಿಕೆಗಳಲ್ಲಿ ಬೆನ್ನೆಲುಬು ಮುರಿದುಕೊಂಡು ಬದುಕಿ ಉಳಿದವರ ಕತೆ ವರ್ಷಗಟ್ಟಲೆ ನಡೆಯುವಂಥದು, ಅದು ಸುದ್ದಿಯಾಗುವುದಿಲ್ಲ. ಕಟ್ಟಡ ಕೆಲಸದಲ್ಲಿ ಸಾರುವೆಯಿಂದ ಬಿದ್ದವರು, ಶೀಳ್ ರಸ್ತೆಯಲ್ಲೋ ಕಲ್ಯಾಣ–ಭಿವಂಡಿ ರಸ್ತೆಯಲ್ಲೋ ಬೈಕಿನಿಂದ ಉರುಳಿದವರು ಇವರ ಜೊತೆ ಸೇರುತ್ತಾರೆ. ಮೊದಲು ಡೊಂಬಿವಲಿಯ ಶಾಸ್ತ್ರಿನಗರ ಆಸ್ಪತ್ರೆ ಅಥವಾ ಕಲ್ಯಾಣದ ರುಕ್ಮಿಣಿಬಾಯಿ ಆಸ್ಪತ್ರೆ, ಅಲ್ಲಿಂದ ಕಳವಾ ಅಥವಾ ಸಾಯನ್, ಮುಂದೆ ಪುನರ್ವಸತಿಗೆ ಅವಕಾಶ ಸಿಕ್ಕರೆ 1955ರಲ್ಲಿ ಆರಂಭವಾದ ಹಾಜಿ ಅಲಿಯ ಕೇಂದ್ರ ಸರ್ಕಾರಿ ಸಂಸ್ಥೆ: ಸಾಮಾನ್ಯವಾಗಿ ಇದು ದಾರಿ. ಹೋಟೆಲು ಕೆಲಸಕ್ಕೋ ಕಂಪನಿ ಕೆಲಸಕ್ಕೋ ಬಂದು ನೆಲೆಸಿದ ಕರಾವಳಿ ಕನ್ನಡಿಗರ ಮನೆಗಳಲ್ಲಿ ಈ ದಾರಿ ಉಡುಪಿ, ಮಂಗಳೂರಿನವರೆಗೂ ಚಾಚುತ್ತದೆ. ಮುಂಬಯಿಯಲ್ಲಿ ಆಪರೇಷನ್ ಆಗಿ, ಆರೈಕೆಗೆಂದು ಊರಿಗೆ ಕರೆದೊಯ್ದವರ ಔಷಧದ ಚೀಟಿ ಒಂದು ಕಡೆ, ರೋಗಿ ಇನ್ನೊಂದು ಕಡೆ ಆಗುವುದು ಅಪರೂಪವಲ್ಲ.

ಹೃದಯ ತನ್ನಷ್ಟಕ್ಕೆ ತಾನೇ ಮಿಡಿಯುತ್ತದೆ, ಆದರೆ ಎಷ್ಟು ವೇಗವಾಗಿ ಎಂಬುದನ್ನು ಹೇಳುವುದು ಎರಡು ಬಗೆಯ ನರಗಳು. ವೇಗ ಹೆಚ್ಚಿಸುವ ಸಿಂಪಥೆಟಿಕ್ ನರಗಳು ಬೆನ್ನುಹುರಿಯೊಳಗೆ ಇಳಿದು ಎದೆಮಟ್ಟದ ಮೊದಲ ನಾಲ್ಕೈದು ಭಾಗಗಳಿಂದ ಹೊರಬಂದು ಹೃದಯ ಸೇರುತ್ತವೆ. ವೇಗ ತಗ್ಗಿಸುವ ವೇಗಸ್ ನರ ಬೆನ್ನುಹುರಿಯ ಗೊಡವೆಗೇ ಹೋಗದೆ ಮಿದುಳಿನ ಬುಡದಿಂದ ನೇರವಾಗಿ ಕುತ್ತಿಗೆಯಲ್ಲಿ ಇಳಿಯುತ್ತದೆ. ಕುತ್ತಿಗೆಯಲ್ಲೋ ಎದೆಯ ಮೇಲ್ಭಾಗದಲ್ಲೋ ಹುರಿ ತುಂಡಾದರೆ ಮೊದಲನೆಯದು ಮಿದುಳಿನ ಹತೋಟಿ ತಪ್ಪುತ್ತದೆ, ಎರಡನೆಯದಕ್ಕೆ ಏನೂ ಆಗುವುದಿಲ್ಲ. ಜೋಡೆತ್ತಿನ ಗಾಡಿಯಲ್ಲಿ ಒಂದೆತ್ತು ಕುಸಿದು ಕೂತರೆ ನೊಗವೆಲ್ಲ ಇನ್ನೊಂದರ ಕಡೆ ಎಳೆಯುವಂತೆ ಹೃದಯ ನಿಧಾನದ ಕಡೆಗೆ ವಾಲುತ್ತದೆ. ಹೊಟ್ಟೆ, ಕಾಲುಗಳ ರಕ್ತನಾಳಗಳನ್ನು ಬಿಗಿಯಾಗಿ ಹಿಡಿದಿಡುವ ನರಗಳೂ ಇದೇ ಹುರಿಯ ದಾರಿಯಲ್ಲಿ ಬರುವುದರಿಂದ ಆ ನಾಳಗಳು ಸಡಿಲಬಿದ್ದು ರಕ್ತ ಕೆಳಗೆ ನಿಲ್ಲುತ್ತದೆ.

ಪೆಟ್ಟಾದ ಮೊದಲ ವಾರಗಳಲ್ಲಿ ಇದು ಅತ್ಯಂತ ತೀವ್ರ. ಬಿ.ಪಿ. ಕುಸಿದಿರುತ್ತದೆ, ನಾಡಿ 50ಕ್ಕೂ 40ಕ್ಕೂ ಇಳಿಯುತ್ತದೆ. ಗಂಟಲಿಗೆ ನಳಿಕೆ ಹಾಕಿ ಕಫ ಎಳೆಯುವಾಗ ವೇಗಸ್ ನರ ಕೆರಳಿ ಕೆಲವು ಕ್ಷಣ ಹೃದಯವೇ ನಿಲ್ಲುವುದುಂಟು. ಅದಕ್ಕೇ ಅನುಭವಿ ನರ್ಸ್‌ಗಳು ಇಂಥವರ ಹಾಸಿಗೆಯ ಪಕ್ಕದಲ್ಲಿ ನಾಡಿ ಏರಿಸುವ ಅಟ್ರೋಪಿನ್ ತುಂಬಿಟ್ಟುಕೊಂಡೇ ಕಫ ತೆಗೆಯಲು ಕೈಹಾಕುತ್ತಾರೆ. ಎರಡರಿಂದ ಆರು ವಾರದೊಳಗೆ ನಾಡಿ ಬಹುಮಟ್ಟಿಗೆ ಸರಿಹೋಗುತ್ತದೆ. ಬಿ.ಪಿ. ಮಾತ್ರ ಹಳೆಯ ಮಟ್ಟಕ್ಕೆ ಮರಳುವುದಿಲ್ಲ. ಕುತ್ತಿಗೆ ಮಟ್ಟದ ಪೆಟ್ಟಿರುವವರಲ್ಲಿ ಮೇಲಿನ ಅಂಕಿ 90ರಿಂದ 110ರ ನಡುವೆ ನಿಲ್ಲುವುದು ಸಾಮಾನ್ಯ, ಅದೇ ಅವರ ಪಾಲಿನ ಸಹಜ ಬಿ.ಪಿ. ಮಲಗಿದ್ದವರನ್ನು ಎಬ್ಬಿಸಿ ಕೂರಿಸಿದರೆ ಅದೂ ಕುಸಿಯುತ್ತದೆ. ಮೂರು ನಿಮಿಷದೊಳಗೆ ಮೇಲಿನ ಅಂಕಿ 20ರಷ್ಟೋ ಕೆಳಗಿನದು 10ರಷ್ಟೋ ಇಳಿದರೆ ವೈದ್ಯರು ಅದನ್ನು ಭಂಗಿ ಬದಲಾದಾಗಿನ ರಕ್ತದೊತ್ತಡ ಕುಸಿತ ಎಂದು ಪರಿಗಣಿಸುತ್ತಾರೆ. ಇನ್ನೂ ಒಂದೇ ಒಂದು ಮಾತ್ರೆಯೂ ಹೊಟ್ಟೆಗೆ ಹೋಗದಿರುವಾಗಿನ ಸ್ಥಿತಿ ಇದು. ಔಷಧದ ಪರಿಣಾಮವನ್ನು ಇಲ್ಲಿಂದ ಅಳೆಯಬೇಕು. ಆರೋಗ್ಯವಂತರ 120ರಿಂದ 20 ಕಳೆದರೆ 100 ಉಳಿಯುತ್ತದೆ. ಇವರ 90ರಿಂದ 20 ಕಳೆದರೆ ಉಳಿಯುವುದು 70. ಅಷ್ಟರಲ್ಲಿ ಮಿದುಳಿಗೆ ರಕ್ತ ಸಾಲುವುದಿಲ್ಲ.

ಪೆಟ್ಟಾದವರಿಗೆ ಮೊದಲು ಎದುರಾಗುವ ಸ್ನಾಯು ಸಡಿಲಕ ಮಾತ್ರೆಯ ರೂಪದ್ದಲ್ಲ, ಅರಿವಳಿಕೆ ವೈದ್ಯರ ಸಿರಿಂಜಿನಲ್ಲಿರುವಂಥದು. ಸಕ್ಸಿನೈಲ್‌ಕೋಲಿನ್ ಎಂಬುದು ಅದರ ಹೆಸರು, ನಮ್ಮ ಥಿಯೇಟರುಗಳಲ್ಲಿ ಸ್ಕೋಲಿನ್ ಎಂದೇ ಕರೆಯುತ್ತಾರೆ. 1950ರ ದಶಕದ ಆರಂಭದಿಂದ ಬಳಕೆಯಲ್ಲಿರುವ ಔಷಧ. ಅಗ್ಗ, ಒಂದು ನಿಮಿಷದೊಳಗೆ ಮೈಯೆಲ್ಲ ಸಡಿಲಾಗಿ ಉಸಿರ ನಳಿಕೆ ಹಾಕಲು ಅನುವಾಗುತ್ತದೆ, ಹತ್ತು ನಿಮಿಷದಲ್ಲಿ ಅದರ ಪ್ರಭಾವ ಇಳಿದೂಬಿಡುತ್ತದೆ. ತುರ್ತು ಶಸ್ತ್ರಚಿಕಿತ್ಸೆಗೆ ಇಷ್ಟು ಅನುಕೂಲದ ಔಷಧ ಬೇರೆ ಇರಲಿಲ್ಲ. ಇದರ ಇನ್ನೊಂದು ಮುಖ ಗೊತ್ತಾಗಿದ್ದು 1960ರ ದಶಕದ ಕೊನೆಗೆ. ಸುಟ್ಟಗಾಯದವರಲ್ಲಿ, ಆಮೇಲೆ ವಿಯೆಟ್ನಾಂ ಯುದ್ಧದಲ್ಲಿ ಗಾಯಗೊಂಡ ಸೈನಿಕರಲ್ಲಿ, ಎರಡನೇ ಮೂರನೇ ಸಲ ಅರಿವಳಿಕೆ ಕೊಡುವಾಗ ಹೃದಯ ಥಟ್ಟನೆ ನಿಂತುಹೋಗುತ್ತಿತ್ತು. ಮೊದಲ ಸಲ ಏನೂ ಆಗದ ಔಷಧ ವಾರಗಳ ಬಳಿಕ ಕೊಲ್ಲುವುದೇಕೆ ಎಂಬ ಹುಡುಕಾಟದಲ್ಲಿ ಸಿಕ್ಕಿಬಿದ್ದದ್ದು ಪೊಟ್ಯಾಷಿಯಂ. 1970ರಲ್ಲಿ ಅರಿವಳಿಕೆ ಶಾಸ್ತ್ರದ ಅಮೆರಿಕನ್ ನಿಯತಕಾಲಿಕವೊಂದರಲ್ಲಿ ಎರಡೂ ಕಾಲಿನ ಲಕ್ವ, ಸಕ್ಸಿನೈಲ್‌ಕೋಲಿನ್ ಮತ್ತು ಹೃದಯ ಸ್ತಂಭನದ ನಂಟನ್ನು ಕುರಿತೇ ಒಂದು ಲೇಖನ ಬಂತು.

ಒಳಗೆ ನಡೆಯುವುದಿಷ್ಟು. ನರವು ಸ್ನಾಯುವನ್ನು ಮುಟ್ಟುವ ಸಣ್ಣ ಜಾಗದಲ್ಲಿ ಮಾತ್ರ ನರದ ರಾಸಾಯನಿಕವನ್ನು ಹಿಡಿಯುವ ಗ್ರಾಹಕಗಳಿರುತ್ತವೆ. ಮೇಲಿನಿಂದ ಸಂದೇಶ ಬರುವುದು ನಿಂತಾಗ ಸ್ನಾಯು ಆ ಗ್ರಾಹಕಗಳನ್ನು ತನ್ನ ಮೈತುಂಬ ಹುಟ್ಟಿಸಿಕೊಳ್ಳುತ್ತದೆ. ಹೊಸದಾಗಿ ಹುಟ್ಟಿದವು ಗರ್ಭಸ್ಥ ಶಿಶುವಿನಲ್ಲಿರುವ ಮಾದರಿಯವು. ಒಮ್ಮೆ ತೆರೆದರೆ ಹೆಚ್ಚು ಹೊತ್ತು ತೆರೆದೇ ಇರುತ್ತವೆ. ಸ್ಕೋಲಿನ್ ಅವೆಲ್ಲವನ್ನೂ ಏಕಕಾಲಕ್ಕೆ ತೆರೆಯುತ್ತದೆ, ಸ್ನಾಯುವಿನೊಳಗಿದ್ದ ಪೊಟ್ಯಾಷಿಯಂ ರಕ್ತಕ್ಕೆ ನುಗ್ಗುತ್ತದೆ. ರಕ್ತದಲ್ಲಿ ಪೊಟ್ಯಾಷಿಯಂ ಇರಬೇಕಾದ್ದು ಲೀಟರಿಗೆ ಸುಮಾರು 3.5ರಿಂದ 5 ಮಿಲಿಮೋಲ್. ಸಾಮಾನ್ಯರಲ್ಲಿ ಸ್ಕೋಲಿನ್ ಕೊಟ್ಟಾಗ ಅದು ಅರ್ಧದಿಂದ ಒಂದರಷ್ಟು ಏರುತ್ತದೆ. ಎರಡೂ ಕಾಲು ಸತ್ತ ದೇಹದಲ್ಲಿ ಐದಕ್ಕಿಂತ ಹೆಚ್ಚು ಏರಿದ ಉದಾಹರಣೆಗಳಿವೆ. ಇಸಿಜಿಯಲ್ಲಿ ಟಿ ಅಲೆ ಗುಡಾರದಂತೆ ಚೂಪಾಗುತ್ತದೆ, ಮುಂದಿನ ಅಲೆಗಳು ಅಗಲವಾಗಿ ಒಂದರೊಳಗೊಂದು ಸೇರುತ್ತವೆ, ಕೊನೆಗೆ ಹೃದಯ ಅದುರತೊಡಗಿ ನಿಲ್ಲುತ್ತದೆ. ಮದ್ದು ಕೊಟ್ಟ ಎರಡರಿಂದ ಐದು ನಿಮಿಷದೊಳಗೆ ಇದೆಲ್ಲ ಮುಗಿಯುತ್ತದೆ. ಆಗ ಮಾಡಬೇಕಾದ್ದು ಕ್ಯಾಲ್ಸಿಯಂ ಚುಚ್ಚುಮದ್ದು, ಗ್ಲೂಕೋಸಿನೊಂದಿಗೆ ಇನ್ಸುಲಿನ್, ಎದೆಯೊತ್ತುವಿಕೆ. ಪೊಟ್ಯಾಷಿಯಂ ಇಳಿಯುವವರೆಗೆ ಎದೆಯೊತ್ತುವುದನ್ನು ಬಿಡಬಾರದು.

ಪೆಟ್ಟಾದ ಮೊದಲ 24ರಿಂದ 48 ಗಂಟೆಯವರೆಗೆ ಹೊಸ ಗ್ರಾಹಕಗಳು ಬೆಳೆದಿರುವುದಿಲ್ಲ, ಆದ್ದರಿಂದ ಅಪಘಾತದ ರಾತ್ರಿಯ ತುರ್ತು ಆಪರೇಷನ್ನಿಗೆ ಈ ಭಯವಿಲ್ಲ. ಭಯ ಶುರುವಾಗುವುದು ಮೂರನೇ ದಿನದಿಂದ, ಉಳಿಯುವುದು ತಿಂಗಳುಗಟ್ಟಲೆ. ಎಷ್ಟು ತಿಂಗಳು ಎಂಬ ಗಡಿಯನ್ನು ಖಚಿತವಾಗಿ ಹಾಕಲಾಗದು. ಆರು ತಿಂಗಳು ಎನ್ನುವವರಿದ್ದಾರೆ, ಒಂದು ವರ್ಷ ಎನ್ನುವವರಿದ್ದಾರೆ, ಬೆನ್ನುಹುರಿ ಪೆಟ್ಟಿನವರಿಗೆ ಇದನ್ನು ಎಂದೆಂದಿಗೂ ಮುಟ್ಟಬಾರದು ಎನ್ನುವ ಅರಿವಳಿಕೆ ತಜ್ಞರೂ ಬಹಳಷ್ಟಿದ್ದಾರೆ. ಈ ಕೊನೆಯ ನಿಲುವೇ ಸರಿ, ಏಕೆಂದರೆ ಬದಲಿ ಔಷಧ ಇದೆ. ರೊಕ್ಯುರೋನಿಯಂ ಗ್ರಾಹಕಗಳನ್ನು ತೆರೆಯದೆ ಮುಚ್ಚುತ್ತದೆ, ಪೊಟ್ಯಾಷಿಯಂ ಅಲುಗುವುದಿಲ್ಲ. ಹೆಚ್ಚಿನ ಪ್ರಮಾಣದಲ್ಲಿ ಕೊಟ್ಟರೆ ಸ್ಕೋಲಿನ್ನಿನಷ್ಟೇ ಬೇಗ ಕೆಲಸ ಮಾಡುತ್ತದೆ. ಬೆಲೆ ಹೆಚ್ಚು, ಪ್ರಭಾವ ಬಹಳ ಹೊತ್ತು ಇರುತ್ತದೆ; ಅದನ್ನು ಇಳಿಸಲು ಕೊಡುವ ನಿಯೊಸ್ಟಿಗ್ಮಿನ್ ನಾಡಿಯನ್ನು ನಿಧಾನಿಸುವುದರಿಂದ ಜೊತೆಗೆ ಗ್ಲೈಕೊಪೈರೊಲೇಟ್ ಕೊಡಲೇಬೇಕು. ಮೊದಲೇ ನಿಧಾನವಾದ ಹೃದಯಕ್ಕೆ ಇದೂ ಸಣ್ಣ ವಿಷಯವಲ್ಲ.

ಬೆನ್ನುಹುರಿ ಪೆಟ್ಟಿನವರು ಮತ್ತೆ ಮತ್ತೆ ಥಿಯೇಟರಿಗೆ ಹೋಗುವವರು: ಹಾಸಿಗೆ ಹುಣ್ಣಿಗೆ, ಮೂತ್ರಕೋಶದ ಕಲ್ಲಿಗೆ, ಬೆನ್ನಿಗೆ ಹಾಕಿದ ರಾಡು ತೆಗೆಸಲು. ಅವೆಲ್ಲ ಸಣ್ಣ ನರ್ಸಿಂಗ್ ಹೋಮಿನಲ್ಲಿ, ಆಪರೇಷನ್ನಿನ ದಿನವಷ್ಟೇ ಬರುವ ಅರಿವಳಿಕೆ ವೈದ್ಯರ ಕೈಯಲ್ಲಿ ನಡೆಯುತ್ತವೆ. ವೀಲ್‌ಚೇರಿನಲ್ಲಿ ಬಂದವರನ್ನು ನೋಡಿದರೆ ಯಾರಿಗಾದರೂ ಗೊತ್ತಾದೀತು ಅನ್ನಿಸಬಹುದು. ಆದರೆ ಉಸಿರು ಕಟ್ಟಿ ಅಪರಾತ್ರಿಯಲ್ಲಿ ಕ್ಯಾಶುವಾಲ್ಟಿಗೆ ಸ್ಟ್ರೆಚರ್ ಮೇಲೆ ಬಂದವರ ಕಾಲು ಯಾವಾಗಿನಿಂದ ಆಡುತ್ತಿಲ್ಲ ಎಂದು ವಿಚಾರಿಸಲು ಪುರಸೊತ್ತು ಇರುವುದಿಲ್ಲ.

ಪೆಟ್ಟಿನ ಮೊದಲ ವಾರಗಳಲ್ಲಿ ಕಾಲುಗಳು ಜೋಲುಬಿದ್ದಿರುತ್ತವೆ. ಆಮೇಲೆ ಸೆಟೆತ ತಲೆಯೆತ್ತುತ್ತದೆ. ಮಿದುಳಿನ ಹತೋಟಿ ತಪ್ಪಿದ ಹುರಿಯ ಕೆಳಭಾಗ ತನ್ನದೇ ಆಟ ಆರಂಭಿಸುತ್ತದೆ: ಚಾದರ ತಾಗಿದರೆ ಮೊಣಕಾಲು ಎದೆಗೆ ಮಡಚಿಕೊಳ್ಳುತ್ತದೆ, ಹಾಸಿಗೆಯಿಂದ ಕುರ್ಚಿಗೆ ದಾಟಿಸುವಾಗ ಎರಡೂ ಕಾಲು ಬಡಿಗೆಯಂತೆ ನೀಟಾಗುತ್ತವೆ. ನಿದ್ದೆ ಕೆಡುತ್ತದೆ, ತೊಡೆ ಉಜ್ಜಿ ಹುಣ್ಣಾಗುತ್ತದೆ. ಔಷಧ ಬೇಕಾಗುವುದು ಇಲ್ಲಿ, ಮತ್ತು ಅದರಿಂದ ಬದುಕು ಹಗುರವಾಗುವುದೂ ನಿಜ. ಕಾಲಿನ ಸ್ನಾಯುಗಳು ಆಗಾಗ ಬಿಗಿಯುವುದರಿಂದ ಕೆಳಗೆ ನಿಂತ ರಕ್ತ ಸ್ವಲ್ಪ ಮೇಲಕ್ಕೆ ತಳ್ಳಲ್ಪಡುತ್ತದೆ ಎಂಬುದನ್ನು ಮಾತ್ರ ನೆನಪಿಟ್ಟುಕೊಳ್ಳಬೇಕು. ಸೆಟೆತವನ್ನು ಪೂರ್ತಿ ಅಳಿಸಿದರೆ ಆ ಸಣ್ಣ ಆಸರೆಯೂ ಹೋಗುತ್ತದೆ.

ಹೃದಯದ ದೃಷ್ಟಿಯಿಂದ ಎಲ್ಲಕ್ಕಿಂತ ಹೆಚ್ಚು ಎಚ್ಚರ ಬೇಕಾದ ಮಾತ್ರೆ ಟಿಜಾನಿಡಿನ್. ಬಿ.ಪಿ. ಇಳಿಸಲು ಬಳಸುವ ಕ್ಲೋನಿಡಿನ್ ಮತ್ತು ಇದು ಒಂದೇ ವಂಶದವು. ಎರಡೂ ಆಲ್ಫಾ-2 ಗ್ರಾಹಕಗಳನ್ನು ಕೆರಳಿಸಿ ಸಿಂಪಥೆಟಿಕ್ ಸಂದೇಶವನ್ನು ತಗ್ಗಿಸುತ್ತವೆ. ಟಿಜಾನಿಡಿನ್ ಹೆಚ್ಚಾಗಿ ಹುರಿಯೊಳಗೆ ಕೆಲಸ ಮಾಡುವುದರಿಂದ ಸ್ನಾಯು ಸಡಿಲಕ ಎನಿಸಿಕೊಂಡಿದೆ, ಆದರೆ ವಂಶದ ಗುಣ ಬಿಟ್ಟಿಲ್ಲ. ಒಂದೇ ಸಲಕ್ಕೆ 8 ಮಿಲಿಗ್ರಾಂ ಕೊಟ್ಟು ನೋಡಿದ ಅಧ್ಯಯನದಲ್ಲಿ ಮೂರರಲ್ಲಿ ಎರಡು ಪಾಲು ರೋಗಿಗಳ ಬಿ.ಪಿ. ಶೇಕಡಾ 20ರಷ್ಟು ಇಳಿಯಿತು. ಇಳಿತ ಒಂದು ಗಂಟೆಯೊಳಗೆ ಶುರುವಾಗಿ ಎರಡು ಮೂರು ಗಂಟೆಗೆ ಅತಿ ಹೆಚ್ಚಾಗುತ್ತದೆ. ಜೊತೆಗೆ ನಾಡಿ ನಿಧಾನವಾಗುತ್ತದೆ, ತಲೆ ಹಗುರಾಗುತ್ತದೆ, ಕೆಲವರು ಪ್ರಜ್ಞೆ ತಪ್ಪುತ್ತಾರೆ. ಬೆಳಿಗ್ಗೆ ಎಂಟಕ್ಕೆ ಮಾತ್ರೆ ನುಂಗಿಸಿ ಹತ್ತಕ್ಕೆ ಸ್ನಾನಕ್ಕೆ ಕೂರಿಸಿದರೆ ಕುಸಿತದ ತಳದಲ್ಲೇ ಕೂರಿಸಿದಂತಾಯಿತು. ಬಿಸಿನೀರು ಚರ್ಮದ ನಾಳಗಳನ್ನು ಇನ್ನಷ್ಟು ಹಿಗ್ಗಿಸುತ್ತದೆ. ಲಿಫ್ಟಿಲ್ಲದ ಮೂರನೇ ಮಹಡಿಯಿಂದ ನಾಲ್ವರು ಕುರ್ಚಿ ಸಮೇತ ಎತ್ತಿ ಇಳಿಸುವ ಮನೆಗಳು ಠಾಕುರ್ಲಿಯ ಹಳೇ ಕಟ್ಟಡಗಳಲ್ಲಿ ಇವೆ. ಮೆಟ್ಟಿಲ ನಡುವೆ ಕಣ್ಣು ಮೇಲೆ ಮಾಡಿದರೆ ಅಲ್ಲೇ ಮಲಗಿಸಲು ಜಾಗವಿರುವುದಿಲ್ಲ. ಕಡಿಮೆ ಪ್ರಮಾಣದಿಂದ, ಎಂದರೆ 2 ಮಿಲಿಗ್ರಾಂನಿಂದ, ಶುರು ಮಾಡಿ ದಿನಗಳ ಅಂತರದಲ್ಲಿ ನಿಧಾನವಾಗಿ ಏರಿಸುವುದು, ದೊಡ್ಡ ಪಾಲನ್ನು ರಾತ್ರಿ ಮಲಗುವಾಗ ಕೊಡುವುದು ಇದಕ್ಕಾಗಿಯೇ.

ಟಿಜಾನಿಡಿನ್ ಕತೆಯಲ್ಲಿ ಅತಿ ದೊಡ್ಡ ಅಪಾಯ ಬೇರೊಂದು ಮಾತ್ರೆಯ ರೂಪದಲ್ಲಿ ಬರುತ್ತದೆ. ಯಕೃತ್ತಿನ ಸಿವೈಪಿ-1ಎ2 ಎಂಬ ಒಂದೇ ಕಿಣ್ವ ಟಿಜಾನಿಡಿನ್ನನ್ನು ಬಹುಪಾಲು ಒಡೆದು ಹಾಕುತ್ತದೆ. ಸಿಪ್ರೊಫ್ಲಾಕ್ಸಾಸಿನ್ ಎಂಬ ಆಂಟಿಬಯಾಟಿಕ್ ಆ ಕಿಣ್ವವನ್ನೇ ಕಟ್ಟಿಹಾಕುತ್ತದೆ. 2004ರಲ್ಲಿ ಹೆಲ್ಸಿಂಕಿಯ ಸಂಶೋಧಕರು ಆರೋಗ್ಯವಂತ ಸ್ವಯಂಸೇವಕರಿಗೆ ಮೂರು ದಿನ ಸಿಪ್ರೊಫ್ಲಾಕ್ಸಾಸಿನ್ ಕೊಟ್ಟು, ಬಳಿಕ 4 ಮಿಲಿಗ್ರಾಂ ಟಿಜಾನಿಡಿನ್ ಕೊಟ್ಟರು. ಒಟ್ಟಾರೆ ರಕ್ತ ಸೇರಿದ ಟಿಜಾನಿಡಿನ್ ಹತ್ತು ಪಟ್ಟು ಹೆಚ್ಚಿತು. ಮನಸ್ಸಿನ ಕಾಯಿಲೆಗೆ ಕೊಡುವ ಫ್ಲುವಾಕ್ಸಮಿನ್ ಜೊತೆ ಅದು 33 ಪಟ್ಟು. ಈ ಎರಡರೊಂದಿಗೂ ಟಿಜಾನಿಡಿನ್ ಕೊಡಲೇಬಾರದು ಎಂದು ಔಷಧದ ಕೈಪಿಡಿಯಲ್ಲೇ ಬರೆದಿದೆ.

ಬೆನ್ನುಹುರಿ ಪೆಟ್ಟಿನವರ ಮನೆಯಲ್ಲಿ ಸಿಪ್ರೊಫ್ಲಾಕ್ಸಾಸಿನ್ ಅಪರಿಚಿತ ಹೆಸರಲ್ಲ. ಕ್ಯಾಥೆಟರ್ ಹಾಕಿಕೊಂಡವರಿಗೆ ಮೂತ್ರದ ಸೋಂಕು ಮೇಲಿಂದ ಮೇಲೆ ಬರುತ್ತದೆ: ಮೂತ್ರ ಕಲಕಿ ವಾಸನೆ ಹೊಡೆಯುತ್ತದೆ, ಚಳಿಜ್ವರ, ಸೆಟೆತ ದಿಢೀರನೆ ಹೆಚ್ಚಾಗುತ್ತದೆ. ಮನೆಯವರು ಕೆಳಗಿನ ಮೆಡಿಕಲ್ ಅಂಗಡಿಗೋ ಗಲ್ಲಿಯ ಡಾಕ್ಟರಿಗೋ ಹೇಳುತ್ತಾರೆ. ಕಳೆದ ಸಲ ಗುಣ ಕೊಟ್ಟ ಸಿಪ್ರೊಫ್ಲಾಕ್ಸಾಸಿನ್ ಮತ್ತೆ ಐದು ದಿನಕ್ಕೆ ಬರುತ್ತದೆ. ಸೆಟೆತ ಹೆಚ್ಚಿದೆ ಎಂದು ಅದೇ ಹೊತ್ತಿಗೆ ಟಿಜಾನಿಡಿನ್ನನ್ನೂ ಅರ್ಧ ಮಾತ್ರೆ ಏರಿಸುತ್ತಾರೆ. ಎರಡನೇ ದಿನಕ್ಕೆ ರೋಗಿ ಎಬ್ಬಿಸಿದರೂ ಏಳದಷ್ಟು ಮಂಪರಿನಲ್ಲಿರುತ್ತಾನೆ, ನಾಡಿ ನಲವತ್ತರ ಆಸುಪಾಸು. ಮನೆಯವರು ಅದನ್ನು ಜ್ವರದ ಸುಸ್ತು ಎಂದುಕೊಳ್ಳುತ್ತಾರೆ. ಹೊಟ್ಟೆ ಕೆಟ್ಟು ಭೇದಿಯಾದಾಗ ಕೊಡುವ ಮಿಶ್ರಣದ ಮಾತ್ರೆಗಳಲ್ಲೂ ಸಿಪ್ರೊಫ್ಲಾಕ್ಸಾಸಿನ್ ಟಿನಿಡಜೋಲ್ ಜೊತೆಗೂಡಿ ಕುಳಿತಿರುತ್ತದೆ. ಟಿಜಾನಿಡಿನ್ನೂ ಹಾಗೆಯೇ ನೋವಿನ ಮಾತ್ರೆಗಳೊಳಗೆ, ಅಸಿಕ್ಲೋಫೆನಾಕ್, ಪ್ಯಾರಾಸಿಟಮಾಲ್ ಪಕ್ಕದಲ್ಲಿ ಅಡಗಿರುತ್ತದೆ. ಸ್ಟ್ರಿಪ್ಪಿನ ಮೇಲೆ ಬ್ರ್ಯಾಂಡಿನ ಹೆಸರು ದಪ್ಪಗೆ ಇರುತ್ತದೆ, ಒಳಗಿನ ಔಷಧದ ಹೆಸರು ಕೆಳಗೆ ಇರುವೆ ಸಾಲಿನಂತೆ. ಓದಬೇಕಾದ್ದು ಆ ಸಾಲನ್ನು. ಮೂತ್ರದ ಸೋಂಕಿಗೆ ಈ ಕಿಣ್ವವನ್ನು ಮುಟ್ಟದ ನೈಟ್ರೊಫುರಾಂಟಾಯಿನ್‌ನಂಥ ಔಷಧಗಳಿವೆ. ಯಾವುದು ತಾಗುತ್ತದೆ ಎಂಬುದನ್ನು ಮೂತ್ರದ ಕಲ್ಚರ್ ಹೇಳುತ್ತದೆ.

ಬಿ.ಪಿ.ಗೆ ಲಿಸಿನೊಪ್ರಿಲ್ ಗುಂಪಿನ ಮಾತ್ರೆ ತೆಗೆದುಕೊಳ್ಳುವವರಿಗೆ ಟಿಜಾನಿಡಿನ್ ಸೇರಿಸಿದಾಗ ತೀವ್ರ ಕುಸಿತ ಆದದ್ದಿದೆ. ಗರ್ಭನಿರೋಧಕ ಗುಳಿಗೆ ನುಂಗುವ ಮಹಿಳೆಯರಲ್ಲಿ ಟಿಜಾನಿಡಿನ್ ದೇಹದಿಂದ ಹೊರಹೋಗುವ ವೇಗ ಅರ್ಧಕ್ಕಿಳಿಯುತ್ತದೆ. ಇನ್ನು ಟಿಜಾನಿಡಿನ್ನನ್ನು ಥಟ್ಟನೆ ನಿಲ್ಲಿಸಿದರೆ ಆಗುವುದು ಇದಕ್ಕೆ ತದ್ವಿರುದ್ಧ: ಅದುಮಿಟ್ಟಿದ್ದ ಸಿಂಪಥೆಟಿಕ್ ನರಗಳು ಚಿಮ್ಮಿ ಬಿ.ಪಿ. ಏರುತ್ತದೆ, ನಾಡಿ ಓಡುತ್ತದೆ. ದಿನಕ್ಕೆ 20 ಮಿಲಿಗ್ರಾಂ ಮೀರಿ ಒಂಬತ್ತು ವಾರಕ್ಕಿಂತ ಹೆಚ್ಚು ಕಾಲ ತೆಗೆದುಕೊಂಡವರು ದಿನಕ್ಕೆ 2ರಿಂದ 4 ಮಿಲಿಗ್ರಾಂನಂತೆ ಇಳಿಸುತ್ತ ಬಂದು ನಿಲ್ಲಿಸಬೇಕು.

ಬ್ಯಾಕ್ಲೋಫೆನ್ ಇದಕ್ಕಿಂತ ಹಳೆಯದು, ಹೆಚ್ಚು ಬಳಕೆಯದು. 1962ರಲ್ಲಿ ಸ್ವಿಟ್ಜರ್ಲೆಂಡಿನ ಸೀಬಾ ಕಂಪನಿಯಲ್ಲಿ ಅಪಸ್ಮಾರಕ್ಕೆಂದು ತಯಾರಾಯಿತು. ಅಪಸ್ಮಾರಕ್ಕೆ ಒದಗಲಿಲ್ಲ, ಸೆಟೆತಕ್ಕೆ ಒದಗಿತು. ಹುರಿಯೊಳಗಿನ ಗಾಬಾ-ಬಿ ಗ್ರಾಹಕಗಳ ಮೂಲಕ ಸ್ನಾಯುವಿನ ಪ್ರತಿಕ್ರಿಯೆಯನ್ನು ಮಂದಗೊಳಿಸುತ್ತದೆ. ಬಿ.ಪಿ. ಮೇಲೆ ಇದರ ಪ್ರಭಾವ ಟಿಜಾನಿಡಿನ್ನಿನಷ್ಟಿಲ್ಲ. 5 ಮಿಲಿಗ್ರಾಂನಿಂದ ದಿನಕ್ಕೆ ಮೂರು ಸಲದಂತೆ ಆರಂಭಿಸಿ ಹದವರಿತು ಏರಿಸಿದರೆ ಹೆಚ್ಚಿನವರಿಗೆ ಒಗ್ಗುತ್ತದೆ. ತೊಂದರೆ ಬರುವುದು ಎರಡು ಕಡೆಯಿಂದ.

ಮೊದಲನೆಯದು ಮೂತ್ರಪಿಂಡ. ಬ್ಯಾಕ್ಲೋಫೆನ್ ಬಹುಪಾಲು ಹಾಗೆಹಾಗೆಯೇ ಮೂತ್ರದಲ್ಲಿ ಹೊರಹೋಗುವ ಔಷಧ. ಮೂತ್ರಕೋಶ ಸರಿಯಾಗಿ ಖಾಲಿಯಾಗದವರಲ್ಲಿ ವರ್ಷಗಳು ಕಳೆದಂತೆ ಮೂತ್ರಪಿಂಡ ಸೊರಗುತ್ತದೆ. ಅದು ಸೊರಗಿದ್ದು ರಕ್ತಪರೀಕ್ಷೆಯಲ್ಲಿ ಸುಲಭಕ್ಕೆ ಕಾಣುವುದಿಲ್ಲ. ಆ ಪರೀಕ್ಷೆಯಲ್ಲಿ ಅಳೆಯುವ ಕ್ರಿಯಾಟಿನಿನ್ ಹುಟ್ಟುವುದು ಸ್ನಾಯುವಿನಿಂದ. ಕಾಲಿನ ಸ್ನಾಯು ಕರಗಿಹೋದವರಲ್ಲಿ ಅದರ ಉತ್ಪತ್ತಿಯೇ ಕಡಿಮೆ, ಹಾಗಾಗಿ ಪಿಂಡ ಅರ್ಧ ಕೆಟ್ಟಿದ್ದರೂ ವರದಿಯ ಅಂಕಿ ಸಹಜ ಎಂದೇ ತೋರಬಹುದು. ಸಹಜ ವರದಿಯನ್ನು ನಂಬಿ ಪ್ರಮಾಣ ಏರಿಸಿದರೆ ಔಷಧ ಮೈಯಲ್ಲಿ ಶೇಖರವಾಗುತ್ತದೆ: ಮಂಪರು, ಉಸಿರಾಟ ಮಂದ, ನಾಡಿ ನಿಧಾನ, ಬಿ.ಪಿ. ಕುಸಿತ, ಕೊನೆಗೆ ಕೋಮಾ. ಡಯಾಲಿಸಿಸ್‌ನಿಂದ ಅದನ್ನು ಹೊರತೆಗೆಯಬಹುದು. ಬೆನ್ನುನೋವಿಗೆಂದು ತಿನ್ನುವ ನೋವುಮಾತ್ರೆಗಳು ಮೂತ್ರಪಿಂಡವನ್ನು ಇನ್ನಷ್ಟು ಕುಗ್ಗಿಸಿ ಇದೇ ದಾರಿಗೆ ನೂಕುತ್ತವೆ.

ಎರಡನೆಯದು ಹಠಾತ್ತನೆ ನಿಲ್ಲಿಸುವುದು. ತಿಂಗಳುಗಳಿಂದ ಬ್ಯಾಕ್ಲೋಫೆನ್ ನುಂಗುತ್ತಿದ್ದವರಿಗೆ ಎರಡು ದಿನ ತಪ್ಪಿದರೂ ಸೆಟೆತ ಮೊದಲಿಗಿಂತ ಭೀಕರವಾಗಿ ಮರಳುತ್ತದೆ, ನಾಡಿ ಓಡುತ್ತದೆ, ಬಿ.ಪಿ. ಏರಿಳಿಯುತ್ತದೆ, ಜ್ವರ ಕಾಯುತ್ತದೆ, ಇಲ್ಲದ್ದು ಕಾಣಿಸತೊಡಗುತ್ತದೆ, ಅಪಸ್ಮಾರ ಬರುತ್ತದೆ. ಹೊಟ್ಟೆಯ ಚರ್ಮದಡಿ ಪಂಪ್ ಇಟ್ಟು ನೇರವಾಗಿ ಬೆನ್ನುಹುರಿಯ ದ್ರವಕ್ಕೆ ಔಷಧ ಹನಿಸುವ ವಿಧಾನ 1984ರಿಂದ ಇದೆ. ಅದರಲ್ಲಿ ಔಷಧ ಬೇಕಾಗುವುದು ಮೈಕ್ರೊಗ್ರಾಂ ಲೆಕ್ಕದಲ್ಲಿ, ಆದ್ದರಿಂದ ತೂಕಡಿಕೆ ಕಡಿಮೆ. ಆದರೆ ಪಂಪ್ ಬರಿದಾದರೆ ಅಥವಾ ನಳಿಕೆ ಮಡಚಿಕೊಂಡರೆ ಆಗುವ ಹಿಂತೆಗೆತ ಅತಿ ಉಗ್ರ. ಸೆಟೆದು ಸೆಟೆದು ಸ್ನಾಯು ಒಡೆದು ಅದರೊಳಗಿನ ಪೊಟ್ಯಾಷಿಯಂ ರಕ್ತಕ್ಕೆ ಬಂದು ಹೃದಯ ನಿಲ್ಲುವವರೆಗೆ ಹೋಗಬಹುದು. ಅಮೆರಿಕದ ಔಷಧ ನಿಯಂತ್ರಣ ಸಂಸ್ಥೆ ಇದರ ಮಾಹಿತಿಪತ್ರದಲ್ಲಿ ಅತ್ಯುನ್ನತ ದರ್ಜೆಯ ಎಚ್ಚರಿಕೆಯನ್ನೇ ಕಡ್ಡಾಯ ಮಾಡಿದೆ. ದುಬಾರಿಯಾದ ಪಂಪ್ ನಮ್ಮಲ್ಲಿ ಕೆಲವರಿಗಷ್ಟೇ ಎಟಕುವುದು. ಮಾತ್ರೆ ಮುಗಿದುಹೋಗುವ ಭಯ ಮಾತ್ರ ಎಲ್ಲರದು. 2005ರ ಜುಲೈ 26ರ ಮಹಾಮಳೆಯಲ್ಲಿ ಲೋಕಲ್ ನಿಂತು ಕಲ್ಯಾಣದ ಸುತ್ತ ನೀರು ನಿಂತಿತ್ತು. ಪ್ರತಿ ಮಳೆಗಾಲದಲ್ಲೂ ಸಣ್ಣ ಪ್ರಮಾಣದಲ್ಲಿ ಅದು ಮರುಕಳಿಸುತ್ತದೆ. ಸಾಯನ್ನಿನಿಂದಲೋ ಹಾಜಿ ಅಲಿಯಿಂದಲೋ ತಿಂಗಳಿಗೊಮ್ಮೆ ಮಾತ್ರೆ ತರುವ ಮನೆಯಲ್ಲಿ ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ಎರಡು ವಾರದ ಮಾತ್ರೆ ಹೆಚ್ಚುವರಿಯಾಗಿ ಇರಲೇಬೇಕು.

ಡಯಾಜೆಪಾಮ್ ಬಿ.ಪಿ.ಯನ್ನು ಸ್ವಲ್ಪ ಇಳಿಸುತ್ತದೆ, ಅದಕ್ಕಿಂತ ಹೆಚ್ಚಾಗಿ ಉಸಿರಾಟವನ್ನು ಮಂದ ಮಾಡುತ್ತದೆ. ಕುತ್ತಿಗೆ ಮಟ್ಟದ ಪೆಟ್ಟಿನವರಲ್ಲಿ ನಿದ್ದೆಯಲ್ಲಿ ಉಸಿರು ಕಟ್ಟುವ ತೊಂದರೆ ಮೊದಲೇ ಸಾಮಾನ್ಯ. ಆಮ್ಲಜನಕ ಇಳಿದಾಗ ಹೃದಯದ ಲಯ ತಪ್ಪುತ್ತದೆ. ಡಾಂಟ್ರೊಲಿನ್ ನರವನ್ನು ಬಿಟ್ಟು ಸ್ನಾಯುವಿನ ಒಳಗೇ ಕೆಲಸ ಮಾಡುವಂಥದು, ಇದರಲ್ಲಿ ಯಕೃತ್ತಿನ ಮೇಲೆ ಕಣ್ಣಿಡಬೇಕು. ಹೃದಯಕ್ಕೆ ಕೊಡುವ ವೆರಪಮಿಲ್ ಜೊತೆ ಸೇರಿದರೆ ಪೊಟ್ಯಾಷಿಯಂ ಏರಿಸುತ್ತದೆ. ಸೈಕ್ಲೊಬೆಂಜಪ್ರಿನ್ ರಚನೆಯಲ್ಲಿ ಖಿನ್ನತೆಯ ಹಳೆಯ ಮಾತ್ರೆ ಅಮಿಟ್ರಿಪ್ಟಿಲಿನ್ನಿನ ಹತ್ತಿರದ ಬಂಧು, ಹೃದಯದ ಲಯ ಕೆಡಿಸಬಲ್ಲದು. ಬೆನ್ನುಹುರಿಯ ಸೆಟೆತಕ್ಕೆ ಅದು ಕೆಲಸವನ್ನೇ ಮಾಡುವುದಿಲ್ಲ. ನಮ್ಮಲ್ಲಿ ಧಾರಾಳವಾಗಿ ಬರೆದುಕೊಡುವ ಥಯೊಕಾಲ್ಚಿಕೊಸೈಡ್ ಕೂಡ ಸೊಂಟ, ಕುತ್ತಿಗೆ ಹಿಡಿದದ್ದಕ್ಕೆ ಕೆಲವು ದಿನಗಳ ಮಟ್ಟಿಗೆ ಮೀಸಲಾದ ಔಷಧವೇ ಹೊರತು ವರ್ಷಗಟ್ಟಲೆ ಕಾಡುವ ಸೆಟೆತಕ್ಕಲ್ಲ. ಸ್ನಾಯು ಸಡಿಲಕ ಎಂಬ ಒಂದೇ ಹೆಸರಿನಡಿ ಇವನ್ನೆಲ್ಲ ಗುಂಪು ಮಾಡಿ ಒಂದಿಲ್ಲದಿದ್ದರೆ ಇನ್ನೊಂದು ಎಂದು ಅಂಗಡಿಯಲ್ಲಿ ಕೊಡುವುದು ದೊಡ್ಡ ತಪ್ಪು.

ಎದೆಯ ಆರನೇ ಮಟ್ಟದಲ್ಲಿ ಅಥವಾ ಅದಕ್ಕಿಂತ ಮೇಲೆ ಪೆಟ್ಟಾದವರಲ್ಲಿ ಇನ್ನೊಂದು ಸಂಗತಿ ಔಷಧದ ಲೆಕ್ಕಾಚಾರವನ್ನೆಲ್ಲ ತಲೆಕೆಳಗು ಮಾಡುತ್ತದೆ. ಮೂತ್ರಕೋಶ ತುಂಬಿ ಉಬ್ಬಿದಾಗ ಹುರಿಯ ಕೆಳಭಾಗದ ಸಿಂಪಥೆಟಿಕ್ ನರಗಳು ಒಮ್ಮೆಲೇ ಕೆರಳಿ ನಾಳಗಳನ್ನು ಬಿಗಿಯುತ್ತವೆ, ತಡೆಯುವ ಮಿದುಳಿನ ಆಜ್ಞೆ ಕೆಳಗೆ ತಲುಪುವುದಿಲ್ಲ. 90 ಇದ್ದ ಬಿ.ಪಿ. 200 ದಾಟಬಹುದು. ಇಂಗ್ಲೆಂಡಿನ ಸ್ಟೋಕ್ ಮ್ಯಾಂಡವಿಲ್ ಆಸ್ಪತ್ರೆಯ ರೋಗಿಗಳಲ್ಲಿ ಇದನ್ನು ಅಳೆದು 1947ರಲ್ಲಿ ವಿವರಿಸಿದವರು ಗುಟ್‌ಮನ್ ಮತ್ತು ವಿಟರಿಜ್. ತಲೆ ಸಿಡಿಯುತ್ತದೆ, ಮುಖ ಕೆಂಪೇರಿ ಬೆವರುತ್ತದೆ, ವೇಗಸ್ ನರ ಹೃದಯವನ್ನು ನಿಧಾನಿಸುತ್ತದೆ. ಇದರ ಮುನ್ಸೂಚನೆ ಅನೇಕರಲ್ಲಿ ಸೆಟೆತ ಹೆಚ್ಚಾಗುವುದು. ಆ ಹೊತ್ತಿಗೆ ಇನ್ನೊಂದು ಟಿಜಾನಿಡಿನ್ ನುಂಗಿಸುವುದು ಮದ್ದಲ್ಲ. ರೋಗಿಯನ್ನು ನೆಟ್ಟಗೆ ಕೂರಿಸಿ, ಬಿಗಿಯಾದ ಬಟ್ಟೆ ಸಡಿಲಿಸಿ, ಕ್ಯಾಥೆಟರ್ ಕಟ್ಟಿಕೊಂಡಿದೆಯೇ ಮಡಚಿದೆಯೇ ನೋಡಬೇಕು. ಅದು ಸರಿಯಿದ್ದರೆ ಮಲಬದ್ಧತೆ, ಆಮೇಲೆ ಹುಣ್ಣು, ಮಾಂಸದೊಳಕ್ಕೆ ಬೆಳೆದ ಉಗುರು. ಕಾರಣ ತೆಗೆದೊಡನೆ ಬಿ.ಪಿ. ಸರ್ರನೆ ಇಳಿಯುತ್ತದೆ. ಅಷ್ಟರಲ್ಲಿ ಮೈಯಲ್ಲಿ ಹೆಚ್ಚುವರಿ ಟಿಜಾನಿಡಿನ್ ಇದ್ದರೆ ಇಳಿತ ಎಲ್ಲಿ ನಿಂತೀತು ಹೇಳಲಾಗದು.

ಹೃದಯಾಘಾತವಾದರೂ ಮೇಲ್ಮಟ್ಟದ ಪೆಟ್ಟಿನವರಿಗೆ ಎದೆನೋವು ಗೊತ್ತಾಗದಿರಬಹುದು ಎಂಬುದೂ ಇಲ್ಲಿ ಸೇರುತ್ತದೆ. ವಾಕರಿಕೆ, ವಿನಾಕಾರಣ ಸುಸ್ತು, ಸೆಟೆತದಲ್ಲಿ ಬದಲಾವಣೆ: ಇಷ್ಟೇ ಇರಬಹುದು. ಹೊಸದಾಗಿ ಬಿ.ಪಿ. ಕುಸಿದಾಗ ಮಾತ್ರೆಯನ್ನೇ ದೂರಿ ಸುಮ್ಮನಾಗದೆ ಒಂದು ಇಸಿಜಿ ತೆಗೆಸುವುದು ಅದಕ್ಕಾಗಿ.

ಇವೆಲ್ಲವನ್ನು ಮನೆಯಲ್ಲೇ ಹಿಡಿಯಲು ಬೇಕಾದ ಸಲಕರಣೆ ತೋಳಿಗೆ ಕಟ್ಟುವ ಸಾಮಾನ್ಯ ಬಿ.ಪಿ. ಯಂತ್ರ. ಹೊಸ ಮಾತ್ರೆ ಶುರುವಾದಾಗ ಅಥವಾ ಪ್ರಮಾಣ ಏರಿದಾಗ ಒಂದು ವಾರ ಮೂರು ಅಳತೆ ಬರೆದಿಡಬೇಕು: ಮಾತ್ರೆಗೆ ಮುಂಚೆ ಮಲಗಿ, ಎರಡು ಗಂಟೆಯ ಬಳಿಕ ಮಲಗಿ, ಆಮೇಲೆ ಕೂರಿಸಿ ಮೂರು ನಿಮಿಷಕ್ಕೆ. ನಾಡಿಯ ಸಂಖ್ಯೆಯೂ ಅದೇ ಯಂತ್ರದಲ್ಲಿ ಸಿಗುತ್ತದೆ. ಹೊಟ್ಟೆಗೆ ಅಗಲ ಪಟ್ಟಿ, ಕಾಲಿಗೆ ಬಿಗಿ ಕಾಲುಚೀಲ ಹಾಕಿ ಹಂತಹಂತವಾಗಿ ಎಬ್ಬಿಸಿದರೆ ಕುಸಿತ ತಗ್ಗುತ್ತದೆ. ತಲೆ ಸುತ್ತಿದರೆ ಕುರ್ಚಿಯನ್ನು ಹಿಂದಕ್ಕೆ ಬಾಗಿಸಿ ಕಾಲು ಮೇಲೆತ್ತಬೇಕು. ಏಪ್ರಿಲ್, ಮೇ ತಿಂಗಳ ಸೆಕೆಯಲ್ಲಿ ಅಂಕಿಗಳನ್ನು ಮತ್ತೆ ನೋಡುವುದೊಳ್ಳೆಯದು, ಏಕೆಂದರೆ ಪೆಟ್ಟಿನಿಂದ ಕೆಳಗಿನ ಭಾಗ ಬೆವರದೆ ಮೈ ಕಾದು ನಾಳಗಳು ಹಿಗ್ಗಿ ಚಳಿಗಾಲದಲ್ಲಿ ಒಗ್ಗಿದ್ದ ಪ್ರಮಾಣವೇ ಹೆಚ್ಚಾಗಬಹುದು.

ಡಿಸ್ಚಾರ್ಜ್ ಕಾರ್ಡಿನ ಜೊತೆಗೆ ಒಂದು ಪುಟದ ಪಟ್ಟಿ ರೋಗಿಯ ಚೀಲದಲ್ಲೇ ಇರಬೇಕು, ಊರಿಗೆ ಹೋದಾಗಲೂ. ಅದರಲ್ಲಿ ಪೆಟ್ಟಿನ ಮಟ್ಟ, ಪೆಟ್ಟಾದ ತಾರೀಕು, ಸಹಜವಾಗಿರುವ ಬಿ.ಪಿ. ಮತ್ತು ನಾಡಿ, ನುಂಗುತ್ತಿರುವ ಮಾತ್ರೆಗಳ ಒಳಗಿನ ಔಷಧದ ಹೆಸರು ಮತ್ತು ಪ್ರಮಾಣ ಇರಲಿ. ಕೊನೆಗೆ ಮೂರು ಸಾಲು ದಪ್ಪಕ್ಷರದಲ್ಲಿ: ಟಿಜಾನಿಡಿನ್ ಇದೆ, ಸಿಪ್ರೊಫ್ಲಾಕ್ಸಾಸಿನ್ ಬೇಡ; ಬ್ಯಾಕ್ಲೋಫೆನ್ ಥಟ್ಟನೆ ನಿಲ್ಲಿಸಬಾರದು; ಅರಿವಳಿಕೆಗೆ ಸ್ಕೋಲಿನ್ ಬೇಡ. ಕನ್ನಡದಲ್ಲಿ ಬರೆದುಕೊಂಡರೆ ಮನೆಯವರಿಗೆ ನೆನಪಿರುತ್ತದೆ. ಕಲ್ಯಾಣದ ಕ್ಯಾಶುವಾಲ್ಟಿಯಲ್ಲಿ ಓದುವವರಿಗಾಗಿ ಅದನ್ನೇ ಇಂಗ್ಲಿಷಿನಲ್ಲೂ ಮರಾಠಿಯಲ್ಲೂ ಬರೆಸಿಡಬೇಕು.